ಕಾಲ-ಕೆಲಸದ ಲೆಕ್ಕಗಳು: ಗಡಿನಾಡಿನ ಮಗುವಿಗೆ ಕಲಿಸುವ ಬಗೆ

ಕೋಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದಿರುವ ಮನೆತನಗಳು ಅನೇಕವಾಗಿವೆ. ಮಗ್ಗವನ್ನು ನಂಬಿದ ದೇವಾಂಗರು ಇವರಲ್ಲಿ ಮುಖ್ಯರು. ಬೇಸಾಯವನ್ನು ನಂಬಿದ ಒಕ್ಕಲಿಗರೂ ಉಂಟು. ಈ ಮನೆಗಳ ಮಕ್ಕಳು ಅಜ್ಜಿಯೊಡನೆ ಕನ್ನಡವಾಡುತ್ತಾರೆ; ಶಾಲೆಯಲ್ಲಿ ತಮಿಳಿನ ಮೂಲಕ ಓದುತ್ತಾರೆ. ಭಾಷೆಯ ಪಾಠದಲ್ಲಿ ಈ ಎರಡು ನೆಲೆಗಳ ಪರಿಣಾಮವನ್ನು ನಾವೆಲ್ಲರೂ ಗಮನಿಸಿದ್ದೇವೆ. ಗಣಿತದ ಪಾಠದಲ್ಲಿಯೂ ಅದು ಕಾಣಿಸಿಕೊಳ್ಳುತ್ತದೆಂಬುದನ್ನು ಅಷ್ಟಾಗಿ ಯಾರೂ ವಿಚಾರಿಸಿದಂತಿಲ್ಲ. ಕಾಲ-ಕೆಲಸದ ಲೆಕ್ಕಗಳನ್ನು ಉದಾಹರಣೆಯಾಗಿ ತೆಗೆದುಕೊಂಡು ಆ ವಿಚಾರವನ್ನು ಉಪಾಧ್ಯಾಯ ಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ಇದು ಚಿಕ್ಕ ವಿಷಯವೆಂದು ತೋರಬಹುದು. ಆದರೆ ಇದರ ಹಿಂದೆ ಮಗುವಿನ ಓದು ಮುಂದುವರಿಯುವ ಪ್ರಶ್ನೆಯೇ ಇದೆ. ತಮಿಳುನಾಡಿನ ಗಣಿತ ಪಠ್ಯಪುಸ್ತಕದಲ್ಲಿ ಈ ಲೆಕ್ಕಗಳು ಎಂಟನೆಯ ತರಗತಿಗೆ ಬರುತ್ತವೆ. ಅದೇ ವರ್ಷ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಬಡ ಮಕ್ಕಳು ಎನ್.ಎಂ.ಎಂ.ಎಸ್. ಎಂಬ ವಿದ್ಯಾರ್ಥಿವೇತನ ಪರೀಕ್ಷೆಗೆ ಕುಳಿತುಕೊಳ್ಳಬಹುದು. ೨೦೦೮ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಈ ಯೋಜನೆಯಲ್ಲಿ ಆಯ್ಕೆಯಾದ ಮಗುವಿಗೆ ಒಂಬತ್ತನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ ೧೨,೦೦೦ ರೂಪಾಯಿ, ಅಂದರೆ ನಾಲ್ಕು ವರ್ಷಕ್ಕೆ ೪೮,೦೦೦ ರೂಪಾಯಿ ದೊರೆಯುತ್ತದೆ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ಆಸರೆ ಹದಿನಾಲ್ಕು ವಯಸ್ಸಿನವರೆಗೆ ಮಾತ್ರ. ಆ ಆಸರೆ ಮುಗಿಯುವ ಹೊತ್ತಿಗೇ ಈ ಸಹಾಯ ತೊಡಗುತ್ತದೆ. ಕಷ್ಟದ ಮನೆಗಳಲ್ಲಿ "ಓದಿದ್ದು ಸಾಕು, ಇನ್ನು ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋಗಲಿ" ಎಂಬ ಮಾತು ಹುಟ್ಟುವುದೂ ಆಗಲೇ. ಹೀಗಿರಲು ಮಗುವೊಂದು ತನಗೆ ಗೊತ್ತಿರುವ ಲೆಕ್ಕವನ್ನೇ ತಪ್ಪಿಸಿಕೊಂಡು ಬಂದರೆ ಅದರ ನಷ್ಟ ಒಂದು ಅಂಕದ್ದಷ್ಟೇ ಅಲ್ಲ.

ಗೊತ್ತಿರುವ ಲೆಕ್ಕವೆಂದು ಹೇಳಿದ್ದಕ್ಕೆ ಕಾರಣವುಂಟು.

ಶಾಲೆಯಲ್ಲಿ ಹದಿನೆಂಟು, ಮನೆಯಲ್ಲಿ ನಾಲ್ಕು

ಕೆಲವು ವರ್ಷಗಳ ಹಿಂದೆ ನಾನು ತರಗತಿಯಲ್ಲಿ ಒಂದು ಲೆಕ್ಕವನ್ನು ಕೊಟ್ಟೆ. ಒಂದು ಕೆಲಸವನ್ನು ಒಬ್ಬರು ೬ ಗಂಟೆಗಳಲ್ಲಿಯೂ ಇನ್ನೊಬ್ಬರು ೧೨ ಗಂಟೆಗಳಲ್ಲಿಯೂ ಮುಗಿಸುತ್ತಾರೆ. ಇಬ್ಬರೂ ಕೂಡಿ ಮಾಡಿದರೆ ಎಷ್ಟು ಗಂಟೆ ಬೇಕು? ಹೆಚ್ಚಿನ ಮಕ್ಕಳು ೧೮ ಎಂದು ಬರೆದರು. ಸ್ವಲ್ಪ ಯೋಚಿಸಿದವರು ೯ ಎಂದು ಬರೆದರು. ನಾನು ಬೇಸರಗೊಂಡು ಕಪ್ಪುಹಲಗೆಯ ಮೇಲೆ ಸೂತ್ರವನ್ನು ಬರೆದು ಉರುಹಚ್ಚಿಸಿದೆ. ಮರುವಾರ ಅಂಕೆಗಳನ್ನು ಬದಲಿಸಿ ಕೇಳಿದಾಗ ಮತ್ತೆ ಅದೇ ಉತ್ತರಗಳು ಬಂದವು.

ಹದಿನೆಂಟೆಂದು ಬರೆದವರಲ್ಲಿ ನೆಗಮಮ್ ಕಡೆಯ ನೇಕಾರರ ಹುಡುಗಿಯೊಬ್ಬಳಿದ್ದಳು. ಒಂದು ಭಾನುವಾರ ಬೇರೆ ಕೆಲಸದ ಮೇಲೆ ಅವರ ಮನೆಗೆ ಹೋದೆ. ಅಜ್ಜಿಯೂ ಮೊಮ್ಮಗಳೂ ಎರಡು ರಾಟೆಗಳ ಮುಂದೆ ಕುಳಿತು ನೂಲಿನ ಲಡಿಗಳನ್ನು ಬಿಚ್ಚಿ ಕಂಡಿಕೆ ಸುತ್ತುತ್ತಿದ್ದರು. ಪಕ್ಕದಲ್ಲಿ ಹನ್ನೆರಡು ಲಡಿಗಳ ಕಟ್ಟು ಇತ್ತು. "ಇದಿಷ್ಟೂ ಯಾವಾಗ ಮುಗಿಯುತ್ತದಮ್ಮ?" ಎಂದು ಮಾತಿಗೆಂದು ಕೇಳಿದೆ. ಹುಡುಗಿ ರಾಟೆಯನ್ನು ನಿಲ್ಲಿಸಲೂ ಇಲ್ಲ. "ಅಜ್ಜಿಯ ಕೈಗೆ ಗಂಟೆಗೆ ಎರಡು ಲಡಿ, ನನ್ನ ಕೈಗೆ ಒಂದು. ಇಬ್ಬರದೂ ಕೂಡಿದರೆ ಮೂರು. ನಾಲ್ಕು ಗಂಟೆಯಲ್ಲಿ ಆಗುತ್ತದೆ, ಸಾರ್" ಎಂದಳು.

ಇದು ನಾನು ತರಗತಿಯಲ್ಲಿ ಕೊಟ್ಟಿದ್ದ ಲೆಕ್ಕವೇ ಆಗಿತ್ತು. ಹನ್ನೆರಡು ಲಡಿಯನ್ನು ಅಜ್ಜಿಯೊಬ್ಬಳೇ ಸುತ್ತಿದರೆ ೬ ಗಂಟೆ, ಮೊಮ್ಮಗಳೊಬ್ಬಳೇ ಸುತ್ತಿದರೆ ೧೨ ಗಂಟೆ, ಇಬ್ಬರೂ ಸುತ್ತಿದರೆ ೪ ಗಂಟೆ. ಶಾಲೆಯಲ್ಲಿ ಹದಿನೆಂಟೆಂದವಳು ಮನೆಯಲ್ಲಿ ನಾಲ್ಕೆಂದಳು. ಲೆಕ್ಕದ ತಿಳಿವಳಿಕೆ ಅವಳಲ್ಲಿ ಇತ್ತು. ಅದನ್ನು ಶಾಲೆಗೆ ಕರೆತರುವ ದಾರಿಯನ್ನು ನಾನು ತೋರಿಸಿರಲಿಲ್ಲ. ಆ ದಾರಿ ಯಾವುದೆಂಬುದನ್ನು ಈಗ ನೋಡೋಣ.

ಮಾತಿನ ತೊಡಕು

ಮೊದಲು ಮಾತಿನ ತೊಡಕನ್ನು ಬಿಡಿಸಿಕೊಳ್ಳಬೇಕು. ತಮಿಳಿನಲ್ಲಿ 'ವೇಲೈ' ಎಂದರೆ ಕೆಲಸ. 'ವೇಳೈ' ಎಂದರೆ ಹೊತ್ತು. ನಮ್ಮ ಮನೆಗಳ ಕನ್ನಡದಲ್ಲಿ 'ವೇಳೆ' ಎಂದರೆ ಹೊತ್ತು. ಕೆಲಸಕ್ಕೆ ಕೆಲಸವೆಂದೇ ಹೆಸರು. ಲಕಾರ ಳಕಾರಗಳ ಅಂತರವೊಂದನ್ನು ಬಿಟ್ಟರೆ ಕಿವಿಗೆ ಎರಡೂ ಒಂದೇ. ಕಾಲವನ್ನೂ ಕೆಲಸವನ್ನೂ ಬೇರೆ ಬೇರೆಯಾಗಿ ಹಿಡಿಯುವುದೇ ಈ ಅಧ್ಯಾಯದ ಜೀವಾಳ. ಅಂತಹ ಕಡೆ ಕೆಲಸದ ಹೆಸರು ಕಾಲದ ಹೆಸರಿನಂತೆ ಕೇಳಿಸಿದರೆ ಮಗುವಿನ ಗತಿಯೇನು? ದೊಡ್ಡವರಾದ ನಮಗೆ ಇದು ತೊಡಕೆನಿಸುವುದಿಲ್ಲ. ಅವಸರದಲ್ಲಿ ಪ್ರಶ್ನೆಯನ್ನೋದುವ ಹದಿಮೂರು ವಯಸ್ಸಿನ ಮಗುವಿಗೆ ಇದು ತೊಡಕೇ.

ಇಂತಹವು ಇನ್ನೂ ಕೆಲವುಂಟು. ತಮಿಳಿನ 'ನಾಳ್' ಎಂದರೆ ದಿನ. ನಮ್ಮ ಮಗುವಿಗೆ ಅದು 'ನಾಳೆ'ಯನ್ನು ನೆನಪಿಗೆ ತರುತ್ತದೆ. ತಮಿಳಿನ 'ಮುಡಿ' ಎಂದರೆ ಮುಗಿಸು. ಕನ್ನಡದಲ್ಲಿ ಹೂವನ್ನು ಮುಡಿಯುತ್ತೇವೆ. 'ಆಳ್' ಮತ್ತು 'ಆಳು' ಎಂಬುವು ಮಾತ್ರ ಎರಡು ಭಾಷೆಗಳಲ್ಲಿಯೂ ಹೊಂದಿಕೊಂಡು ಹೋಗುತ್ತವೆ.

ಎಲ್ಲಕ್ಕಿಂತ ದೊಡ್ಡ ತೊಡಕು ನಮ್ಮ ಕನ್ನಡದ ಒಳಗೇ ಇದೆ. 'ಇಬ್ಬರೂ ಕೂಡಿ' ಎಂದರೆ ಇಬ್ಬರೂ ಒಟ್ಟಾಗಿ ಎಂದರ್ಥ. 'ಕೂಡು' ಎಂದರೆ ಸಂಕಲನವನ್ನು ಮಾಡು ಎಂದೂ ಅರ್ಥ. 'ಸೇರಿ', 'ಸೇರಿಸು' ಎಂಬುವೂ ಹಾಗೆಯೇ. ತಮಿಳಿನಲ್ಲಿಯೂ ಸಂಕಲನಕ್ಕೆ 'ಕೂಟ್ಟಲ್' ಎಂದೇ ಹೆಸರು. ಮೂರನೆಯ ತರಗತಿಯಿಂದ 'ಕೂಡು' ಎಂದೊಡನೆ ಕಣ್ಣಿಗೆ ಕಂಡ ಅಂಕೆಗಳನ್ನು ಕೂಡುವುದು ಮಗುವಿಗೆ ಅಭ್ಯಾಸವಾಗಿದೆ. ೬ ಕಂಡಿತು, ೧೨ ಕಂಡಿತು, 'ಕೂಡಿ' ಎಂಬ ಮಾತೂ ಕಂಡಿತು. ೧೮ ಎಂದು ಬರೆಯಿತು. ಇದನ್ನು ದಡ್ಡತನವೆನ್ನಲಾಗದು. ಮಾತು ಹೇಳಿದಂತೆ ಮಗು ನಡೆದುಕೊಂಡಿದೆ.

ಕೂಡುವುದು ತಪ್ಪಲ್ಲ. ಏನನ್ನು ಕೂಡಬೇಕೆಂಬುದೇ ಪ್ರಶ್ನೆ. ಇಬ್ಬರು ದುಡಿದಾಗ ಅವರ ಹೊತ್ತು ಕೂಡಿಕೊಳ್ಳುವುದಿಲ್ಲ; ಇಬ್ಬರಿಗೂ ಅದೇ ಗಂಟೆ ಕಳೆಯುತ್ತದೆ. ಆ ಒಂದು ಗಂಟೆಯಲ್ಲಿ ಇಬ್ಬರೂ ಮಾಡಿದ ಕೆಲಸ ಕೂಡಿಕೊಳ್ಳುತ್ತದೆ. ಅಜ್ಜಿಯ ಎರಡು ಲಡಿಗೆ ಮೊಮ್ಮಗಳ ಒಂದು ಲಡಿ ಕೂಡಿತು. ಈ ಒಂದು ಮಾತನ್ನು ಮಗು ಹಿಡಿದುಕೊಂಡರೆ ಉಳಿದುದೆಲ್ಲ ಸುಲಭ. ಕೂಡಬೇಕಾದದ್ದು ದಿನಗಳನ್ನಲ್ಲ, ದಿನದ ಕೆಲಸವನ್ನು.

ಎರಡು ದಾರಿಗಳು

ಪಠ್ಯಪುಸ್ತಕದ ದಾರಿ ಭಿನ್ನರಾಶಿಯದು. ಕೆಲಸವನ್ನು ೬ ಗಂಟೆಗಳಲ್ಲಿ ಮುಗಿಸುವವರು ಒಂದು ಗಂಟೆಯಲ್ಲಿ ಅದರ ೧/೬ ಭಾಗವನ್ನು ಮಾಡುತ್ತಾರೆ. ೧೨ ಗಂಟೆಗಳಲ್ಲಿ ಮುಗಿಸುವವರು ೧/೧೨ ಭಾಗವನ್ನು ಮಾಡುತ್ತಾರೆ. ಎರಡನ್ನೂ ಕೂಡಿದರೆ ೩/೧೨, ಅಂದರೆ ೧/೪. ಗಂಟೆಗೆ ಕಾಲು ಭಾಗ ಮುಗಿದರೆ ಪೂರ್ತಿ ಕೆಲಸಕ್ಕೆ ೪ ಗಂಟೆ. ಇದು ಶುದ್ಧವಾದ ದಾರಿ. ಆದರೆ ಭಿನ್ನರಾಶಿಯಲ್ಲಿ ಅಳುಕುವ ಮಕ್ಕಳು ಇಲ್ಲಿ ನಿಂತುಬಿಡುತ್ತಾರೆ.

ಇನ್ನೊಂದು ದಾರಿ ಆ ಹುಡುಗಿಯದು. ಕೆಲಸವೆಂದರೆ ಕಣ್ಣಿಗೆ ಕಾಣದ 'ಒಂದು' ಎಂದೆಣಿಸದೆ ಹನ್ನೆರಡು ಲಡಿಗಳೆಂದೇ ಎಣಿಸುವುದು. ಹನ್ನೆರಡನ್ನೇ ಏಕೆ ತೆಗೆದುಕೊಳ್ಳಬೇಕು? ೬ಕ್ಕೂ ೧೨ಕ್ಕೂ ಹನ್ನೆರಡು ಲಘುತಮ ಸಾಮಾನ್ಯ ಅಪವರ್ತ್ಯ. ಕೊಟ್ಟ ದಿನಗಳ ಲ.ಸಾ.ಅ.ವನ್ನು ಕೆಲಸದ ಒಟ್ಟು ಪ್ರಮಾಣವೆಂದು ಹಿಡಿದರೆ ಪ್ರತಿಯೊಬ್ಬರ ದಿನದ ಕೆಲಸವೂ ಪೂರ್ಣಸಂಖ್ಯೆಯಾಗಿ ಬರುತ್ತದೆ. ಭಿನ್ನರಾಶಿಯ ಗೋಜು ತಪ್ಪುತ್ತದೆ.

ಇಂದಿನ ತರಬೇತಿ ಕೇಂದ್ರಗಳಲ್ಲಿ ಇದನ್ನು ಎಲ್.ಸಿ.ಎಂ. ದಾರಿ ಎಂದು ಹೇಳಿಕೊಡುತ್ತಾರೆ. ಇದರ ಬೇರು ಹಳೆಯದು. ಕ್ರಿ.ಶ. ೮೫೦ರ ಸುಮಾರಿನಲ್ಲಿ, ರಾಷ್ಟ್ರಕೂಟ ನೃಪತುಂಗ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದರು. ಭಿನ್ನರಾಶಿಗಳ ಛೇದಗಳನ್ನು ಸಮಮಾಡಲು ಬಳಸುವ ಲ.ಸಾ.ಅ.ಕ್ಕೆ ಅವರು 'ನಿರುದ್ಧ'ವೆಂದು ಹೆಸರಿಟ್ಟರು. ಆ ಗ್ರಂಥವನ್ನು ೧೯೧೨ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ಬರೆದನು. ಗಣಿತವನ್ನು ಕನ್ನಡದಲ್ಲಿ ಯೋಚಿಸುವುದು ನಮ್ಮ ಮಕ್ಕಳಿಗೆ ಹೊಸ ಸಾಹಸವೇನೂ ಅಲ್ಲವೆಂಬುದಕ್ಕೆ ಇದು ಸಾಕ್ಷಿ.

ತೊಟ್ಟಿಯ ಲೆಕ್ಕ

ತೊಟ್ಟಿಗೆ ನೀರು ತುಂಬುವ ಲೆಕ್ಕವೂ ಇದೇ ಜಾತಿಯದು. ಇದು ಬಹು ಪುರಾತನವಾದದ್ದು. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ, 'ಗಣಿತದ ಒಂಬತ್ತು ಅಧ್ಯಾಯಗಳು' ಎಂಬ ಚೀನೀ ಗ್ರಂಥದಲ್ಲಿ ಐದು ಕಾಲುವೆಗಳಿಂದ ಕೊಳವೊಂದು ತುಂಬುವ ಲೆಕ್ಕವಿದೆ. ಒಂದೊಂದೇ ಹರಿದರೆ ಅವು ಕ್ರಮವಾಗಿ ೧/೩, ೧, ೨೧/೨, ೩ ಮತ್ತು ೫ ದಿನಗಳಲ್ಲಿ ಕೊಳವನ್ನು ತುಂಬುತ್ತವೆ (ಮೂರನೆಯದು ಎರಡೂವರೆ ದಿನ). ಎಲ್ಲವೂ ಕೂಡಿ ಹರಿದರೆ ೧೫/೭೪ ದಿನ ಸಾಕೆಂಬುದು ಉತ್ತರ. ನಮ್ಮ ದಾರಿಯಿಂದ ಇದನ್ನು ಪರೀಕ್ಷಿಸಬಹುದು. ೧೫ ದಿನಗಳ ಲೆಕ್ಕ ಹಿಡಿದರೆ ಐದು ಕಾಲುವೆಗಳು ಕ್ರಮವಾಗಿ ೪೫, ೧೫, ೬, ೫, ೩ ಕೊಳಗಳನ್ನು ತುಂಬುತ್ತವೆ, ಒಟ್ಟು ೭೪. ಆದ್ದರಿಂದ ಒಂದು ಕೊಳಕ್ಕೆ ೧೫/೭೪ ದಿನ.

೧೧೫೦ರಲ್ಲಿ ಭಾಸ್ಕರಾಚಾರ್ಯರು ರಚಿಸಿದ 'ಲೀಲಾವತಿ'ಯಲ್ಲಿಯೂ ಇಂತಹುದೊಂದಿದೆ. ನಾಲ್ಕು ಝರಿಗಳು ಬೇರೆ ಬೇರೆಯಾಗಿ ಒಂದು ದಿನ, ಅರ್ಧ ದಿನ, ದಿನದ ಮೂರನೆಯ ಒಂದು ಭಾಗ, ಆರನೆಯ ಒಂದು ಭಾಗಗಳಲ್ಲಿ ಕೊಳವನ್ನು ತುಂಬುತ್ತವೆ. ಇಲ್ಲಿ ಮಕ್ಕಳು ಕಾಲದ ಭಿನ್ನರಾಶಿಗಳನ್ನೇ ಕೂಡಲು ಹೋಗಿ ತಪ್ಪುತ್ತಾರೆ. ದಿನಕ್ಕೆ ಎಷ್ಟು ಕೊಳ ತುಂಬೀತೆಂದು ಕೇಳಿದರೆ ೧, ೨, ೩, ೬ ಎಂದು ಬರುತ್ತದೆ, ಒಟ್ಟು ಹನ್ನೆರಡು. ಉತ್ತರ ದಿನದ ೧/೧೨ ಭಾಗ, ಅಂದರೆ ಎರಡು ಗಂಟೆ.

ಕೋಯಮತ್ತೂರು ಪಂಪುಸೆಟ್ಟುಗಳ ತಯಾರಿಕೆಗೆ ಹೆಸರಾದ ಊರು. ಆದುದರಿಂದ ನಮ್ಮ ಮಕ್ಕಳಿಗೆ ಝರಿಗಿಂತ ಮೋಟಾರೇ ಹತ್ತಿರ. ಮೋಟಾರು ಮಾಳಿಗೆಯ ತೊಟ್ಟಿಯನ್ನು ೪ ಗಂಟೆಗಳಲ್ಲಿ ತುಂಬುತ್ತದೆ. ತುಂಬಿದ ತೊಟ್ಟಿ ತಳದ ಬಿರುಕಿನಿಂದ ೧೨ ಗಂಟೆಗಳಲ್ಲಿ ಬರಿದಾಗುತ್ತದೆ. ಬಿರುಕು ಹಾಗೆಯೇ ಇರುವಾಗ ಮೋಟಾರು ಹಾಕಿದರೆ ತೊಟ್ಟಿ ತುಂಬಲು ಎಷ್ಟು ಹೊತ್ತು? ತೊಟ್ಟಿಯಲ್ಲಿ ೧೨ ಕೊಡ ನೀರು ಹಿಡಿಯುತ್ತದೆಂದು ಭಾವಿಸೋಣ. ಗಂಟೆಗೆ ೩ ಕೊಡ ಬರುತ್ತದೆ, ೧ ಕೊಡ ಹೋಗುತ್ತದೆ, ೨ ಕೊಡ ನಿಲ್ಲುತ್ತದೆ. ಆದುದರಿಂದ ೬ ಗಂಟೆ. ಕೆಲಸವನ್ನು ಕೆಡಿಸುವುದನ್ನು ಕಳೆಯಬೇಕೆಂಬ ತತ್ತ್ವವನ್ನು ಬೇರೆಯಾಗಿ ಬೋಧಿಸಬೇಕಾದುದೇ ಇಲ್ಲ.

ನಡುವೆ ಬಿಟ್ಟುಹೋದವರು

ಪರೀಕ್ಷೆಯಲ್ಲಿ ಮಕ್ಕಳನ್ನು ಹೆಚ್ಚಾಗಿ ಕಾಡುವ ಲೆಕ್ಕವೆಂದರೆ ನಡುವೆ ಒಬ್ಬರು ಕೆಲಸವನ್ನು ಬಿಟ್ಟುಹೋಗುವುದು. ಸೀರೆಗಳ ಒಂದು ಆರ್ಡರನ್ನು ಅಣ್ಣನೊಬ್ಬನೇ ತನ್ನ ಮಗ್ಗದಲ್ಲಿ ನೇಯ್ದರೆ ೨೦ ದಿನ. ತಮ್ಮನೊಬ್ಬನೇ ತನ್ನ ಮಗ್ಗದಲ್ಲಿ ನೇಯ್ದರೆ ೩೦ ದಿನ. ಇಬ್ಬರೂ ೮ ದಿನ ನೇಯ್ದ ಮೇಲೆ ಅಣ್ಣ ಬಂಧುಗಳ ಮದುವೆಗೆ ಹೋದನು. ಉಳಿದುದನ್ನು ತಮ್ಮನು ಎಷ್ಟು ದಿನಗಳಲ್ಲಿ ಮುಗಿಸಿಯಾನು?

೨೦, ೩೦ರ ಲ.ಸಾ.ಅ. ೬೦. ಕೆಲಸವನ್ನು ೬೦ ಪಾಲೆಂದು ಹಿಡಿಯೋಣ. ಅಣ್ಣನದು ದಿನಕ್ಕೆ ೩ ಪಾಲು, ತಮ್ಮನದು ೨ ಪಾಲು, ಕೂಡಿದರೆ ೫. ಎಂಟು ದಿನಗಳಲ್ಲಿ ೪೦ ಪಾಲು ಮುಗಿಯಿತು. ಉಳಿದುದು ೨೦ ಪಾಲು. ತಮ್ಮನ ಕೈಗೆ ದಿನಕ್ಕೆ ಎರಡರಂತೆ ೧೦ ದಿನ. ಮಗು ತಪ್ಪುವುದು ಕೊನೆಯ ಮೆಟ್ಟಿಲಲ್ಲಿ. 'ಉಳಿದುದನ್ನು ಮುಗಿಸಲು ಎಷ್ಟು ದಿನ' ಎಂದು ಕೇಳಿದ್ದರೆ ಉತ್ತರ ೧೦. 'ಆರಂಭದಿಂದ ಒಟ್ಟು ಎಷ್ಟು ದಿನ' ಎಂದು ಕೇಳಿದ್ದರೆ ೧೮. ಬಹು ಆಯ್ಕೆಯ ಪ್ರಶ್ನೆಯಲ್ಲಿ ಎರಡು ಅಂಕೆಗಳನ್ನೂ ಕೊಟ್ಟಿರುವುದುಂಟು. ಕೊನೆಯ ವಾಕ್ಯವನ್ನು ಎರಡು ಸಲ ಓದಿಸುವ ಅಭ್ಯಾಸವನ್ನು ಮಾಡಿಸಬೇಕು.

ಇದೇ ಲೆಕ್ಕದಿಂದ ಕೂಲಿಯ ಹಂಚಿಕೆಯನ್ನೂ ಕಲಿಸಬಹುದು. ಆರ್ಡರಿನ ಕೂಲಿ ೬,೦೦೦ ರೂಪಾಯಿ ಎಂದಿಟ್ಟುಕೊಳ್ಳೋಣ. ಅಣ್ಣ ನೇಯ್ದದ್ದು ೮ ದಿನಕ್ಕೆ ೨೪ ಪಾಲು. ತಮ್ಮ ನೇಯ್ದದ್ದು ೧೮ ದಿನಕ್ಕೆ ೩೬ ಪಾಲು. ಕೂಲಿ ೨ಕ್ಕೆ ೩ರಂತೆ, ಅಂದರೆ ೨,೪೦೦ ಮತ್ತು ೩,೬೦೦. ದಿನಗಳನ್ನು ನೋಡಿ ಹಂಚಿದ್ದರೆ ೮ಕ್ಕೆ ೧೮ರಂತೆ ಆಗಿ ಅಣ್ಣನಿಗೆ ಅನ್ಯಾಯವಾಗುತ್ತಿತ್ತು. ನೇಯ್ದ ಸೀರೆಗೆ ಕೂಲಿ ಪಡೆಯುವ ಮನೆಯ ಮಗುವಿಗೆ ಇದು ಒಂದು ಮಾತಿನಲ್ಲಿ ತಿಳಿಯುತ್ತದೆ.

ಆಳು, ದಿನ, ಶಿಫ್ಟು

ಮೂರನೆಯ ಬಗೆಯ ಲೆಕ್ಕಗಳಲ್ಲಿ ಆಳುಗಳ ಸಂಖ್ಯೆ, ದಿನಗಳು, ದಿನಕ್ಕೆ ದುಡಿಯುವ ಗಂಟೆಗಳು, ಇವು ಮೂರೂ ಬದಲಾಗುತ್ತವೆ. ನಮ್ಮ ಹಿರಿಯರು ಇವುಗಳನ್ನು ವ್ಯಸ್ತತ್ರೈರಾಶಿಕ, ಪಂಚರಾಶಿಕಗಳೆಂದು ಕಲಿಯುತ್ತಿದ್ದರು. ಯಾವುದು ಏರಿದರೆ ಯಾವುದು ಇಳಿಯುತ್ತದೆಂದು ಬಾಣದ ಗುರುತುಗಳನ್ನು ಹಾಕಿ ಕಲಿಸುವ ಪದ್ಧತಿ ಈಗ ಬಳಕೆಯಲ್ಲಿದೆ. ಬಾಣಗಳು ಮೂರಾದಾಗ ಮಗು ದಿಕ್ಕು ತಪ್ಪುತ್ತದೆ.

ತಿರುಪ್ಪೂರಿನಲ್ಲಿ ಇದಕ್ಕೊಂದು ಸಿದ್ಧವಾದ ಅಳತೆ ಇದೆ. ಅಲ್ಲಿ ಎಂಟು ಗಂಟೆಯ ದುಡಿಮೆಗೆ ಒಂದು ಶಿಫ್ಟು ಎನ್ನುತ್ತಾರೆ. ಹನ್ನೆರಡು ಗಂಟೆ ದುಡಿದರೆ ಒಂದೂವರೆ ಶಿಫ್ಟು. ಮನೆಯಲ್ಲಿ ತಾಯಿಯೋ ಅಕ್ಕನೋ ಬನಿಯನ್ ಕಂಪನಿಗೆ ಹೋಗುವವರಾದರೆ ಮಗುವಿಗೆ ಈ ಮಾತು ಹೊಸದಲ್ಲ. ಶನಿವಾರದ ಕೂಲಿಯನ್ನು ಶಿಫ್ಟುಗಳಲ್ಲಿ ಎಣಿಸುವುದನ್ನು ಅದು ಕೇಳಿಯೇ ಇರುತ್ತದೆ.

ಲೆಕ್ಕ ಹೀಗಿರಲಿ. ಒಂದು ಆರ್ಡರಿನ ಬಟ್ಟೆಗಳನ್ನು ೨೦ ಮಂದಿ ಟೈಲರುಗಳು ದಿನಕ್ಕೆ ಒಂದು ಶಿಫ್ಟಿನಂತೆ ೧೨ ದಿನಗಳಲ್ಲಿ ಹೊಲಿಯುತ್ತಾರೆ. ೧೬ ಮಂದಿ ದಿನಕ್ಕೆ ಒಂದೂವರೆ ಶಿಫ್ಟಿನಂತೆ ಹೊಲಿದರೆ ಎಷ್ಟು ದಿನ? ಆರ್ಡರಿನ ಒಟ್ಟು ದುಡಿಮೆ ೨೦ × ೧೨ × ೧ = ೨೪೦ ಶಿಫ್ಟುಗಳು. ಹೊಸ ಏರ್ಪಾಟಿನಲ್ಲಿ ದಿನಕ್ಕೆ ೧೬ × ೧೧/೨ = ೨೪ ಶಿಫ್ಟುಗಳು (ಒಂದೂವರೆಯಿಂದ ಗುಣಿಸಿದ್ದು). ೨೪೦ನ್ನು ೨೪ರಿಂದ ಭಾಗಿಸಿದರೆ ೧೦ ದಿನ. ಆರ್ಡರು ಇಮ್ಮಡಿಯಾದರೆ ೪೮೦ ಶಿಫ್ಟು, ೨೦ ದಿನ. ಬಾಣಗಳ ಗೋಜಿಲ್ಲ. ಒಟ್ಟು ಕೆಲಸ ಎಷ್ಟು, ದಿನಕ್ಕೆ ಎಷ್ಟು ಆಗುತ್ತದೆ ಎಂಬ ಎರಡೇ ಪ್ರಶ್ನೆಗಳು. ಲಡಿ ಸುತ್ತುವ ಲೆಕ್ಕದಲ್ಲಿ ಕೇಳಿದ್ದೂ ಇವನ್ನೇ.

ಲೆಕ್ಕ ಒಪ್ಪಿದರೂ ಮಗ್ಗ ಒಪ್ಪದು

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಈ ಲೆಕ್ಕಗಳೆಲ್ಲ ಮೂರು ಊಹೆಗಳ ಮೇಲೆ ನಿಂತಿವೆ. ಪ್ರತಿಯೊಬ್ಬರೂ ಮೊದಲಿಂದ ಕೊನೆಯವರೆಗೆ ಒಂದೇ ವೇಗದಲ್ಲಿ ದುಡಿಯುತ್ತಾರೆ; ಕೆಲಸವನ್ನು ಬೇಕಾದಷ್ಟು ಪಾಲುಮಾಡಬಹುದು; ಒಬ್ಬರಿಂದ ಇನ್ನೊಬ್ಬರಿಗೆ ಅಡ್ಡಿಯಿಲ್ಲ. ನೇಕಾರರ ಮಕ್ಕಳಿಗೆ ಇವು ಎಲ್ಲೆಲ್ಲಿ ಸುಳ್ಳಾಗುತ್ತವೆಂಬುದು ನಮಗಿಂತ ಚೆನ್ನಾಗಿ ಗೊತ್ತು.

ಒಂದು ಸೀರೆಯನ್ನು ಒಬ್ಬ ನೇಕಾರ ೧೬ ಗಂಟೆಗಳಲ್ಲಿ ನೇಯ್ದರೆ, ೧೬ ಮಂದಿ ನೇಕಾರರು ಒಂದು ಗಂಟೆಯಲ್ಲಿ ನೇಯುತ್ತಾರೆಂದು ಸೂತ್ರ ಹೇಳುತ್ತದೆ. ಒಂದು ಕುಣಿಮಗ್ಗದಲ್ಲಿ ಹದಿನಾರು ಮಂದಿ ಎಲ್ಲಿ ಕುಳಿತಾರು? ಲಾಳಿ ಇರುವುದೊಂದು. ಹಾಸನ್ನು ಅಣಿಮಾಡದೆ ಹೊಕ್ಕನ್ನು ಹಾಕುವಂತಿಲ್ಲ; ಆಳುಗಳು ಎಷ್ಟಿದ್ದರೂ ಮೊದಲಿನದು ಮುಗಿದ ಮೇಲೆಯೇ ಎರಡನೆಯದು. ತಿರುಪ್ಪೂರಿನ ಕಂಪನಿಯಲ್ಲಿಯೂ ಕತ್ತರಿಸುವವರು, ಹೊಲಿಯುವವರು, ಪರೀಕ್ಷಿಸುವವರು, ಇಸ್ತ್ರಿ ಮಾಡುವವರು ಸಾಲಾಗಿರುತ್ತಾರೆ. ಆ ಸಾಲಿನಲ್ಲಿ ನಿಧಾನವಾದ ಮೇಜು ಯಾವುದೋ ಅದೇ ಉಳಿದವರ ವೇಗವನ್ನೂ ನಿರ್ಧರಿಸುತ್ತದೆ. ಹನ್ನೆರಡನೆಯ ಗಂಟೆಯಲ್ಲಿ ಹೊಲಿಯುವ ಕೈ ಮೊದಲನೆಯ ಗಂಟೆಯ ಕೈಯಂತೆ ಇರುವುದಿಲ್ಲ. ಒಂದೂವರೆ ಶಿಫ್ಟು ಕೂಲಿಯಲ್ಲಿ ಒಂದೂವರೆಯಾದರೂ ದೇಹಕ್ಕೆ ಅದಕ್ಕಿಂತ ಹೆಚ್ಚು.

ಒಂದು ಸಲ ತರಗತಿಯಲ್ಲಿ ಹುಡುಗನೊಬ್ಬನು "ಇದು ಆಗುವ ಮಾತಲ್ಲ, ಸಾರ್" ಎಂದಾಗ ನಾನು ಅವನನ್ನು ಸುಮ್ಮನಿರಿಸಿದ್ದುಂಟು. ಈಗ ಅದಕ್ಕೆ ನಾಚುತ್ತೇನೆ. ಅವನು ಲೆಕ್ಕದ ಬುಡವನ್ನೇ ಮುಟ್ಟಿದ್ದನು. ಅಂತಹ ಮಗುವನ್ನು ಮೆಚ್ಚಿ, "ನೀನು ಹೇಳುವುದು ನಿಜ. ಪರೀಕ್ಷೆಯವರು ಎಲ್ಲರೂ ಒಂದೇ ವೇಗದಲ್ಲಿ, ಯಾರಿಗೂ ಅಡ್ಡಿಯಾಗದೆ ದುಡಿಯುತ್ತಾರೆಂದು ಇಟ್ಟುಕೊಂಡು ಕೇಳುತ್ತಾರೆ. ಹಾಗೆಂದು ಇಟ್ಟುಕೊಂಡರೆ ಎಷ್ಟಾಗುತ್ತದೆ, ಹೇಳು" ಎನ್ನಬೇಕು. ಊಹೆಯನ್ನು ಊಹೆಯೆಂದು ತಿಳಿದು ಲೆಕ್ಕ ಮಾಡುವ ಮಗು ಪರೀಕ್ಷೆಯಲ್ಲಿ ಎಡವುವುದಿಲ್ಲ. ತನ್ನ ಮನೆಯ ಅನುಭವ ಸುಳ್ಳೆಂದು ಭಾವಿಸುವುದೂ ಇಲ್ಲ.

ಪರೀಕ್ಷೆಯ ಕೊಠಡಿಯಲ್ಲಿ

ಎನ್.ಎಂ.ಎಂ.ಎಸ್. ಪರೀಕ್ಷೆಯಲ್ಲಿ ಎರಡು ಪತ್ರಿಕೆಗಳು. ಒಂದೊಂದರಲ್ಲಿಯೂ ೯೦ ಪ್ರಶ್ನೆಗಳು, ೯೦ ನಿಮಿಷಗಳು. ಪ್ರಶ್ನೆಗೆ ಒಂದೇ ನಿಮಿಷ. ಈ ಮಕ್ಕಳು ದೊಡ್ಡವರಾಗಿ ತಮಿಳುನಾಡು ಲೋಕಸೇವಾ ಆಯೋಗದ ನಾಲ್ಕನೆಯ ಗುಂಪಿನ ಪರೀಕ್ಷೆಗೆ ಕುಳಿತಾಗಲೂ ಮೂರು ಗಂಟೆಗಳಲ್ಲಿ ೨೦೦ ಪ್ರಶ್ನೆಗಳು. ಅವುಗಳಲ್ಲಿ ೨೫ ಲೆಕ್ಕ ಮತ್ತು ತರ್ಕದವು. ಅದರ ಪಠ್ಯಕ್ರಮದಲ್ಲಿಯೂ ಕಾಲ-ಕೆಲಸವು ಹೆಸರಿಸಲ್ಪಟ್ಟಿದೆ. ಆದಕಾರಣ ತಿಳಿವಳಿಕೆಯೊಡನೆ ಚುರುಕೂ ಬೇಕು. ಅದಕ್ಕೆ ಕೆಲವು ಸೂಚನೆಗಳು:

(೧) ಲೆಕ್ಕ ಮಾಡುವ ಮೊದಲೇ ಉತ್ತರದ ಎಲ್ಲೆಯನ್ನು ಕಾಣಬೇಕು. ಇಬ್ಬರು ಕೂಡಿ ಮಾಡಿದರೆ, ಇಬ್ಬರಲ್ಲಿ ಚುರುಕಾದವರು ಒಬ್ಬರೇ ಮಾಡುವುದಕ್ಕಿಂತ ಕಡಿಮೆ ಹೊತ್ತು ಸಾಕು. ಇಬ್ಬರೂ ಚುರುಕಾದವರಂತೆಯೇ ಇದ್ದರೆ ಅವರ ಹೊತ್ತಿನ ಅರ್ಧ. ಇಬ್ಬರೂ ನಿಧಾನಿಗಳಾಗಿದ್ದರೆ ನಿಧಾನಿಯ ಹೊತ್ತಿನ ಅರ್ಧ. ನಿಜವಾದ ಉತ್ತರ ಈ ಎರಡರ ನಡುವೆ ಇರುತ್ತದೆ. ೬ ಮತ್ತು ೧೨ ಆದರೆ ಉತ್ತರ ೩ಕ್ಕೂ ೬ಕ್ಕೂ ನಡುವೆ. ಆಯ್ಕೆಗಳು ೧೮, ೯, ೬, ೪ ಎಂದಿದ್ದರೆ ಪೆನ್ಸಿಲನ್ನು ಎತ್ತುವ ಮೊದಲೇ ಉತ್ತರ ತಿಳಿಯಿತು.

(೨) 'ಎರಡು ಪಟ್ಟು ಸಮರ್ಥ' ಎಂದರೆ ದಿನದ ಕೆಲಸ ಎರಡು ಪಟ್ಟು, ದಿನಗಳು ಅರ್ಧ. ಸಮರ್ಥನೂ ಅವನ ಜೊತೆಗಾರನೂ ಕೂಡಿ ೧೪ ದಿನಗಳಲ್ಲಿ ಮುಗಿಸಿದರೆ ದಿನಕ್ಕೆ ೨ + ೧ = ೩ ಪಾಲು, ಒಟ್ಟು ೪೨ ಪಾಲು. ಸಮರ್ಥನಿಗೆ ಒಬ್ಬನೇ ೨೧ ದಿನ, ಜೊತೆಗಾರನಿಗೆ ೪೨ ದಿನ.

(೩) ಬಂದ ಉತ್ತರವನ್ನು ತಿರುಗಿಸಿ ನೋಡಬೇಕು. ನಾಲ್ಕು ಗಂಟೆಗಳಲ್ಲಿ ಅಜ್ಜಿ ೮ ಲಡಿ, ಮೊಮ್ಮಗಳು ೪ ಲಡಿ. ಒಟ್ಟು ೧೨ ಆಯಿತೇ? ಆಯಿತು.

(೪) ಪ್ರಶ್ನೆಯಲ್ಲಿನ ತಮಿಳು ಮಾತುಗಳಿಗೆ ಮನೆಯ ಕನ್ನಡವನ್ನು ಎದುರಿಗಿಟ್ಟು ಒಂದು ಚಿಕ್ಕ ಪಟ್ಟಿಯನ್ನು ಮಕ್ಕಳಿಂದಲೇ ಬರೆಯಿಸಬೇಕು. ವೇಲೈ: ಕೆಲಸ. ನಾಳ್: ದಿನ. ಮುಡಿ: ಮುಗಿಸು. ಸೇರ್ಂದು: ಒಟ್ಟಾಗಿ. ಈ ಪಟ್ಟಿಗೆ ಅರ್ಧ ಪುಟ ಸಾಕು. ಬರೆಯಲು ಒಂದು ಪಾಠದ ಅವಧಿಯೂ ಬೇಡ.

ಈ ಕೊನೆಯ ಸೂಚನೆಯನ್ನು ಕೆಲವರು ಒಪ್ಪಲಿಕ್ಕಿಲ್ಲ. ಪರೀಕ್ಷೆಯು ತಮಿಳಿನಲ್ಲಿರುವಾಗ ಕನ್ನಡವನ್ನು ತರಗತಿಗೆ ತಂದರೆ ಮಗು ಗೊಂದಲಗೊಳ್ಳದೇ ಎಂದು ಕೇಳಬಹುದು. ಗೊಂದಲವು ಈಗಾಗಲೇ ಇದೆ. ಪಟ್ಟಿಯು ಅದನ್ನು ಬೆಳಕಿಗೆ ತರುತ್ತದೆ, ಅಷ್ಟೇ. ಮಗು ಮೊದಲು ಮನೆಯ ಮಾತಿನಲ್ಲಿ ಲೆಕ್ಕವನ್ನು ಬಾಯಲ್ಲಿ ಹೇಳಲಿ. ಆಮೇಲೆ ಶಾಲೆಯ ಮಾತಿನಲ್ಲಿ ಬರೆಯಲಿ. ತಮಿಳನ್ನು ಚೆನ್ನಾಗಿ ಕಲಿಯಲು ಕನ್ನಡವನ್ನು ಮರೆಯಬೇಕಾಗಿಲ್ಲ. ಎರಡರ ಅಂತರವನ್ನು ಅರಿತ ಮಗು ಎರಡನ್ನೂ ಎಚ್ಚರದಿಂದ ಬಳಸುತ್ತದೆ.

ಆ ನೇಕಾರರ ಹುಡುಗಿಗೆ ಮರುದಿನ ನಾನು ಸೂತ್ರವನ್ನು ಕೇಳಲಿಲ್ಲ. ಹಳೆಯ ಲೆಕ್ಕವನ್ನೇ ಹಲಗೆಯ ಮೇಲೆ ಬರೆದು, "ಇದರಲ್ಲಿ ಅಜ್ಜಿ ಯಾರು, ನೀನು ಯಾರು?" ಎಂದು ಕೇಳಿದೆ. ಅವಳು ಒಂದು ಕ್ಷಣ ನೋಡಿ ನಕ್ಕಳು. ಆರರ ಕೆಳಗೆ ೨ ಎಂದೂ ಹನ್ನೆರಡರ ಕೆಳಗೆ ೧ ಎಂದೂ ಬರೆದಳು. ಪಕ್ಕದಲ್ಲಿದ್ದ ತಮಿಳು ಮನೆಯ ಗೆಳತಿಗೂ ತಮಿಳಿನಲ್ಲಿ ಹೇಳಿಕೊಟ್ಟಳು. ಆ ದಿನ ನಾನು ಪಾಠ ಮಾಡಲಿಲ್ಲ, ಕಲಿತೆನು. ನಮ್ಮ ಗಡಿನಾಡಿನ ಉಪಾಧ್ಯಾಯರು ತಮ್ಮ ತರಗತಿಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿ, ತಮಗೆ ಕಂಡುಬಂದ ಇಂತಹ ಮಾತಿನ ತೊಡಕುಗಳನ್ನು ಬರೆದಿಟ್ಟು ಒಬ್ಬರಿಗೊಬ್ಬರು ತಿಳಿಸಿದರೆ, ಮಕ್ಕಳಿಗೆ ಬಹಳ ಉಪಕಾರವಾದೀತು.